ಅಟ್ಟದ ಮೇಲಿನ ಅಕ್ಕ

ಕೊಬ್ಬರಿ ಅಟ್ಟದ ಒಣ ವಾಸನೆ ಎಲ್ಲಿ ಬಂದರೂ ನಾನು ಇವತ್ತಿಗೂ ಕಿವಿಗೊಟ್ಟು ನಿಲ್ಲುತ್ತೇನೆ.

ಶೆಟ್ಟಿಕೆರೆಯ ನಮ್ಮ ಮನೆಯಲ್ಲಿ ಕಾಯಿಗಳು ವರ್ಷವಿಡೀ ಅಟ್ಟದ ಮೇಲಿರುತ್ತಿದ್ದವು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉರುಳುವ ತನಕ ಅಜ್ಜಿ ಅವನ್ನು ಒಡೆಯಗೊಡುತ್ತಿರಲಿಲ್ಲ. ಆ ಬೇಸಿಗೆ ಹದಿನೈದರ ಅಕ್ಕನೂ ಅಲ್ಲೇ ಮಲಗತೊಡಗಿದಳು. ಬರಬರುತ್ತಾ ಅವಳ ಮೈ ಹಗುರಾಯಿತು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ.

"ಅಟ್ಟದ ಆಚೆ ಇನ್ನೊಂದು ತೋಟ ಐತೆ ಕಣೇ," ಎಂದು ನನಗೊಬ್ಬಳಿಗೇ ಹೇಳಿದ್ದಳು.

ಒಂದು ಮಧ್ಯಾಹ್ನ ಅಮ್ಮ ಅವಳನ್ನು ಕೆಳಗಿಳಿಸಿ ಅಜ್ಜಿಯ ಮುಂದೆ ಕೂರಿಸಿದಳು. ಅಜ್ಜಿ ಅಕ್ಕನ ಭುಜ ಹಿಡಿದು, ಕಾಯಿ ಅಲ್ಲಾಡಿಸುವಂತೆಯೇ ಮೆಲ್ಲಗೆ ಅಲ್ಲಾಡಿಸಿ, ಬೆನ್ನಿಗೆ ಕಿವಿಯಿಟ್ಟಳು. ಒಳಗೆ ಏನೋ ಲೊಟಲೊಟ ಉರುಳಿದ್ದು ನನಗೂ ಕೇಳಿಸಿತು.

"ಚಿಪ್ಪು ಬುಟ್ಟೈತೆ ಕಣವ್ವ. ಇನ್ನು ಹಿಡ್ಕಂಡ್ರೆ ನಿಲ್ಲಾಕಿಲ್ಲ."

"ಅತ್ತೆ, ಹಂಗಾದ್ರೆ ಇಲ್ಲಿ ಕೂತಿರೋದು ಯಾರು?" ಅಮ್ಮ ಕೇಳಿದಳು.

ಅಕ್ಕ ನನ್ನ ಜಡೆ ಸರಿಮಾಡಿ, ಮತ್ತೆ ಅಟ್ಟ ಹತ್ತಿದಳು.

ಸಂಜೆ ಊಟಕ್ಕೆ ಕರೆದಾಗ "ಬತ್ತೀನಿ," ಎಂಬ ದನಿ ಮೇಲಿನಿಂದ ಬಂತು. ಅಮ್ಮ ಹತ್ತಿ ನೋಡಿದಾಗ ಕಾಯಿಗಳ ನಡುವೆ ಅವಳ ಲಂಗ, ಬಳೆ ಮಾತ್ರ ಇದ್ದವು.

ಆ ವರ್ಷ ನಮ್ಮ ಮನೆಯಲ್ಲಿ ಒಂದು ಕಾಯಿಯನ್ನೂ ಒಡೆಯಲು ಅಮ್ಮ ಬಿಡಲಿಲ್ಲ.