ನೀರಿರುವ ಊರು

"ಇಳಿಸಬೇಡಿ! ಒಂದೇ ಒಂದು ಎಮ್ಮೆ ನಮ್ಮ ಕಾಲುವೆಗೆ ಕಾಲಿಟ್ಟರೂ ಸುಮ್ಮನಿರೋನಲ್ಲ ನಾನು," ಎಂದು ಕೂಗುತ್ತ ಲಫ್ತಾ ಸಲಿಕೆ ಹಿಡಿದು ಲಾರಿಗೆ ಅಡ್ಡ ನಿಂತ.

ನಶ್ಮಿಯಾ ಲಾರಿಯ ಹಿಂದಿನಿಂದ ಇಳಿದು ಬಂದಳು. ಬೆಳಗಿನಿಂದ ಉರಿಬಿಸಿಲಲ್ಲಿ ಎಮ್ಮೆಗಳ ನಡುವೆಯೇ ನಿಂತು ಬಂದವಳು ಅವಳು. ಚಿಬಾಯಿಶಿನ ಜೌಗು ಒಣಗಿ, ಉಳಿದ ನೀರು ಉಪ್ಪಾಗಿ, ಅದನ್ನೇ ಕುಡಿದ ಎಮ್ಮೆಗಳು ಕಣ್ಣು ಕಳೆದುಕೊಂಡು ಒಂದೊಂದಾಗಿ ಸತ್ತ ಮೇಲೆ ಅವಳೂ ಗಂಡ ಮದ್ಲೂಲನೂ ಊರು ಬಿಟ್ಟಿದ್ದರು. ನೆಂಟರು ಹೇಳಿದ್ದ ಹಳ್ಳಕ್ಕೆ ಹೋಗಿ ನೋಡಿದರೆ ಅಲ್ಲಿ ಕೆಸರೂ ಇರಲಿಲ್ಲ. ದಿಕ್ಕು ತೋಚದೆ ಬರುವಾಗ ಖರ್ಜೂರದ ಮರಗಳ ಸಂದಿಯಲ್ಲಿ ಈ ಕಾಲುವೆ ಕಂಡಿತ್ತು.

"ತಮ್ಮಾ, ಚಿಬಾಯಿಶಿನೋರು ನಾವು. ನಮ್ಮ ಶಾಮಾ ಗಬ್ಬದ ಎಮ್ಮೆ. ಮೈಮೇಲೆ ಹನಿ ನೀರು ಬಿದ್ದಿಲ್ಲ, ನೊರೆ ಕಾರ್ತಾ ಮಲಗಿಬಿಟ್ಟಿದ್ದಾಳೆ. ಸ್ವಲ್ಪ ಹೊತ್ತು ನೆನೆಯಲಿ, ಹೊರಟುಹೋಗ್ತೀವಿ."

"ಸ್ವಲ್ಪ ಹೊತ್ತು ಅಂತ ಬಂದ ಜೌಗಿನೋರು ಯಾರು ತಿರುಗಿ ಹೋಗಿದ್ದಾರೆ? ನಿಮ್ಮ ಎಮ್ಮೆ ನೀರು ಕದಡುತ್ತೆ, ನೀವು ಊರು ಕದಡ್ತೀರಿ. ನೀರಿನ ಸರದಿ ಕಾದು ಕಾದು ನನ್ನ ಬೆಂಡೆಗಿಡ ಬಾಡ್ತಾ ಇದೆ, ನಿಮ್ಮ ಎಮ್ಮೆಗೆ ಸ್ನಾನ ಮಾಡಿಸ್ಲಾ?"

ಮದ್ಲೂಲ ಮೈಮೇಲೆ ಏರಿ ಹೋಗುವವನಿದ್ದ. ನಶ್ಮಿಯಾ ಅವನ ತೋಳು ಹಿಡಿದು ನಿಲ್ಲಿಸಿದಳು. "ಬೇಡ ಬಿಡು," ಎಂದು ಲಫ್ತಾನ ಕಡೆ ತಿರುಗಿದಳು. "ನಿನ್ನ ತೋಟ ಹಸಿರಾಗಿರಲಿ ಕಣಪ್ಪಾ. ಒಂದು ಬಕೆಟ್ ನೀರಾದರೂ ಕೊಡು. ಅವಳ ಮೂತಿ ಒದ್ದೆ ಮಾಡಿಕೊಂಡು ಹೋಗ್ತೀವಿ."

ಗಲಾಟೆ ಕೇಳಿ ಮರಗಳ ಮರೆಯಿಂದ ಲಫ್ತಾನ ತಾಯಿ ಬಂದಳು. ಮಗನ ಹೆಸರು ಹಿಡಿದು ಊರಿಗೆಲ್ಲ ಅವಳು ಉಮ್ ಲಫ್ತಾ, ಲಫ್ತಾನ ಅಮ್ಮ. ತೋಟ ಅವಳದೇ, ಮಾತೂ ಅವಳದೇ.

"ಯಾರೋ ಬಂದಿರೋದು?"

"ಯಾರೂ ಇಲ್ಲಮ್ಮ, ಚಿಬಾಯಿಶಿನೋರಂತೆ. ಕಳಿಸ್ತಾ ಇದ್ದೀನಿ."

"ಚಿಬಾಯಿಶಿನೋರನ್ನ ಕಳಿಸ್ತೀಯಾ? ನೀನು?" ಮುದುಕಿ ಸೊಂಟದ ಮೇಲೆ ಕೈಯಿಟ್ಟಳು. "ಎಲ್ಲಿ ಹುಟ್ಟಿದ್ದೋ ನೀನು?"

ಲಫ್ತಾನ ಮುಖ ಕೆಂಪಾಯಿತು. "ಎಲ್ಲರ ಮುಂದೆ ಆ ಕಥೆ ಬೇಡಮ್ಮಾ."

"ಎಲ್ಲರ ಮುಂದೇನೇ ಬೇಕು!" ಅವಳು ನಶ್ಮಿಯಾಳ ಕಡೆ ತಿರುಗಿದಳು. "ದಂಗೆಯಾದ ವರ್ಷ ಸೈನ್ಯದೋರು ಬಂದು ನಮ್ಮ ಮನೆಗೆ ಬೆಂಕಿ ಇಟ್ಟರು ತಾಯಿ. ಇವರಪ್ಪನ್ನ ಎಳಕೊಂಡು ಹೋದರು. ನಾನು ತುಂಬಿದ ಬಸುರಿ. ಯಾವನೋ ಪುಣ್ಯಾತ್ಮ ದೋಣೀಲಿ ಮಲಗಿಸಿ, ಮೇಲೆ ಜೊಂಡು ಹೊದಿಸಿ ನಿಮ್ಮ ಜೌಗಿನೊಳಗೆ ಬಿಟ್ಟುಬಂದ. ಅಲ್ಲಿ ಒಬ್ಬಳು ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಇವನ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ. ಹೆದರಿಕೆಗೆ ನನ್ನ ಎದೇಲಿ ಹಾಲೇ ಇಳಿಯಲಿಲ್ಲ. ಎಮ್ಮೆ ಹಾಲು ಬಿಸಿ ಮಾಡಿ, ಬಟ್ಟೇಲಿ ಅದ್ದಿ ಅದ್ದಿ ಇವನ ಬಾಯಿಗೆ ಹಿಂಡಿದಳು. ತನ್ನ ಮಕ್ಕಳಿಗೆ ಅರೆಹೊಟ್ಟೆ ಹಾಕಿ ನನ್ನ ಬಾಣಂತನ ಮಾಡಿದಳು. ಆಮೇಲೆ ನಾನು ಹುಡುಕಿಸಿದೆ. ಅಷ್ಟರಲ್ಲಿ ಜೌಗನ್ನೇ ಬತ್ತಿಸಿ ಅವರನ್ನೆಲ್ಲ ಓಡಿಸಿದ್ದರು. ಎಷ್ಟೋ ವರ್ಷದ ಮೇಲೆ ಜೌಗಿಗೆ ಮತ್ತೆ ನೀರು ಬಂದಾಗಲೂ ಅವಳ ಸುಳಿವು ಸಿಗಲಿಲ್ಲ. ಉಮ್ ಹನೂನ್ ಅಂತಿದ್ದರು ಅವಳನ್ನ. ನಿನಗೇನಾದರೂ ಗೊತ್ತೇನಮ್ಮಾ?"

ಹೌದು, ನಮ್ಮ ಸಂಬಂಧಿಕಳೇ ಎಂದುಬಿಡು ಎನ್ನುವಂತೆ ಮದ್ಲೂಲ ಹೆಂಡತಿಯನ್ನು ನೋಡಿದ. ಲಾರಿಯೊಳಗೆ ಶಾಮಾ ಏದುಸಿರು ಬಿಡುತ್ತಿದ್ದುದು ಕೇಳಿಸುತ್ತಿತ್ತು. ನಶ್ಮಿಯಾ ತಲೆ ತಗ್ಗಿಸಿದಳು.

"ಇಲ್ಲ ಖಾಲಾ. ಆ ಹೆಸರಿನೋರು ನಮ್ಮ ಕಡೆ ಬೇಕಾದಷ್ಟು ಜನ. ನೀವು ಹೇಳೋ ತಾಯಿ ಯಾರೋ ನನಗೆ ಗೊತ್ತಿಲ್ಲ."

ಉಮ್ ಲಫ್ತಾ ಅವಳನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಅವಳ ಕೆನ್ನೆಯ ಧೂಳನ್ನು ತನ್ನ ಸೆರಗಿನಿಂದ ಒರೆಸಿದಳು. "ಹೋಗಲಿ ಬಿಡು. ಅವಳೇನು ನಾನು ಯಾರು ಅಂತ ಕೇಳಿಕೊಂಡು ಒಳಗೆ ಕರೆದಳಾ? ಇಳಿಸು ಎಮ್ಮೇನ."

"ಮತ್ತೆ ಬೆಂಡೆ?" ಅಂದ ಲಫ್ತಾ.

"ಒಂದು ವರ್ಷ ಬೆಂಡೆ ತಿನ್ನದಿದ್ದರೆ ಯಾರೂ ಸಾಯೋಲ್ಲ. ಎಮ್ಮೆ ಹಾಲು ಕುಡಿದು ಬೆಳೆದೋನು, ಅಷ್ಟೂ ಶಕ್ತಿ ಇಲ್ವಾ? ಹತ್ತು ಮೇಲೆ, ತಳ್ಳು!"

ಲಫ್ತಾ ಗೊಣಗುತ್ತಲೇ ಸಲಿಕೆ ಬಿಸಾಕಿ ಲಾರಿ ಹತ್ತಿದ. ಅವನೂ ಮದ್ಲೂಲನೂ ಭುಜಕ್ಕೆ ಭುಜ ಕೊಟ್ಟು ಶಾಮಾಳನ್ನು ಎಬ್ಬಿಸಿದರು. ಅವಳು ತೂರಾಡುತ್ತ ಹಲಗೆಯ ಮೇಲಿಂದ ಇಳಿದಳು. ನೀರಿನ ವಾಸನೆ ಹತ್ತಿದ್ದೇ ತಡ, ಯಾರ ಕೈಗೂ ಸಿಗದೆ ನುಗ್ಗಿ ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿದಳು. ಉಳಿದವೂ ಒಂದರ ಹಿಂದೆ ಒಂದು ಇಳಿದವು. ಕಾಲುವೆಯ ತುಂಬ ಬರೀ ಮೂಗು, ಕೊಂಬು.

ನಶ್ಮಿಯಾ ದಡದಲ್ಲಿ ಕುಸಿದು ಕುಳಿತಳು. ಊರು ಬಿಡುವಾಗ ಬಾರದ ಅಳು ಈಗ ಬಂತು. ದೇವರನ್ನು ನೆನೆದಳು. ಆಮೇಲೆ ತಾನೆಂದೂ ನೋಡದ ಆ ಹೆಂಗಸನ್ನು ನೆನೆದಳು. ಬದುಕಿದ್ದಾಳೋ ಇಲ್ಲವೋ, ಯಾವ ಊರಿನ ಅಂಚಿನಲ್ಲಿ ಬಿದ್ದಿದ್ದಾಳೋ. ತನ್ನ ಮಕ್ಕಳ ಪಾಲಿನ ಹಾಲನ್ನು ಪರರ ಕೂಸಿಗೆ ಹಿಂಡುವಾಗ, ಅದು ಯಾರ ಎಮ್ಮೆಯನ್ನು ಕಾಯುತ್ತದೆಂದು ಅವಳಿಗಾದರೂ ಏನು ಗೊತ್ತಿತ್ತು? "ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ," ಎಂದು ಮೆಲ್ಲಗೆ ಅಂದಳು. ಪಕ್ಕದಲ್ಲಿ ಬಂದು ಕುಳಿತ ಉಮ್ ಲಫ್ತಾ ರೊಟ್ಟಿ ಮುರಿದು ಅವಳ ಕೈಗಿಟ್ಟಳು.

ಮದ್ಲೂಲ ಸಂಕೋಚದಿಂದ ಹತ್ತಿರ ಬಂದ. "ಖಾಲಾ, ಎಷ್ಟು ದಿನ ಇರಬಹುದು ನಾವಿಲ್ಲಿ?"

ಮುದುಕಿ ಎದುರು ದಡ ನೋಡಿದಳು. ಹಳೆಯ ನೀರಿನ ಗೆರೆ ಈಗಿನ ನೀರಿಗಿಂತ ಆಳೆತ್ತರ ಮೇಲಿತ್ತು.

"ನೀರಿರೋ ತನಕ ಇರಿ. ಅದು ಹೋದ ದಿನ, ಊರು ಬಿಡೋದು ಹೇಗೆ ಅಂತ ನಮಗೂ ಸ್ವಲ್ಪ ಹೇಳಿಕೊಡಿ."