ಮೊರದಲ್ಲಿ ಉಳಿದ ಹರಳು

ಹೊಸ ಜೋಳದ ಚೀಲ ಬಿಚ್ಚಿದಾಗಲೆಲ್ಲ ಆ ಧೂಳಿನ ವಾಸನೆಗೆ ಸಿಂದಗಿಯ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ವಿಜಯಪುರದ ಆಸ್ಪತ್ರೆಯಲ್ಲಿ ಅಪ್ಪನ ಆಪರೇಷನ್ ಇತ್ತು. ಅಪ್ಪನ ಜೊತೆ ಹೋಗಿದ್ದ ಕಾಕಾನ ಫೋನಿಗೆ ಕಾಯುತ್ತ ಅವ್ವ ಮೊರದಲ್ಲಿ ಜೋಳ ಆರಿಸುತ್ತಿದ್ದಳು. ಕಾಳನ್ನು ಅಂಗಳಕ್ಕೆ ಎಸೆದು ಹರಳನ್ನು ಮೊರದಲ್ಲೇ ಉಳಿಸುತ್ತಿದ್ದಳು. ಅಂಗಳದಲ್ಲಿ ಕೋಳಿಗಳು ಸೇರಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದ ಅಜ್ಜಿ ನನ್ನ ಮೊಣಕಾಲು ಒತ್ತಿದಳು.

"ಸುಮ್ಕಿರು. ಆಕಿ ಕಣ್ಣು ಇಲ್ಲಿಲ್ಲ," ಅಂದಳು ಮೆಲ್ಲಗೆ.

ಸಂಜೆ ಫೋನ್ ಬಂತು. ಅಪ್ಪನಿಗೆ ಎಚ್ಚರವಾಗಿತ್ತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊರದ ಮುಂದೆ ಕುಳಿತಳು.

"ಅತ್ತಿ, ಇದರಾಗ ಇಷ್ಟು ಹರಳು ಯಾರು ಹಾಕ್ಯಾರ್ರಿ?"

ಅಜ್ಜಿ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ಹೇಳಿದಳು: "ನಾನಽ ಹಾಕಿರಬೇಕವ್ವ. ನನಗೀಗ ಕಣ್ಣು ಸರಿ ಕಾಣೂದಿಲ್ಲ."