ಮೂರು ಪೈಪಿನ ಭರವಸೆ

ನಮ್ಮ ಹಾಲ್‌ನಲ್ಲಿರುವ ಆರಡಿಯ ಮೀನಿನ ತೊಟ್ಟಿ ಹಗಲೂ ರಾತ್ರಿ ಗೊಳಗೊಳ ಎನ್ನುತ್ತಿತ್ತು.

"ಈ ಭಾನುವಾರ ಅದರ ಬಾಯಿ ಮುಚ್ಚಿಸಿ. ನೆಲಕ್ಕೆ ಒಂದು ಹನಿ ಚೆಲ್ಲಿದ್ರೂ ಮೀನೆಲ್ಲಾ ನಮ್ಮಣ್ಣನ ಮನೆಗೆ," ಎಂದಳು ಹೆಂಡತಿ. ಆ ಭಾವನಿಗೆ ಮೀನೆಂದರೆ ಸಾರು.

ವಾರವೆಲ್ಲ ದುಡಿದವನಿಗೆ ಸಿಕ್ಕ ಒಂದೇ ರಜೆ. ಬೆಳಗ್ಗೆ ಎದ್ದವನೇ ಮನೆಯ ನೀರಿಗೆಂದು ಮೋಟರ್ ಹಾಕಿ, ತೊಟ್ಟಿಯ ಮುಂದೆ ಕೂತೆ. ತೊಟ್ಟಿಯ ಪುಟ್ಟ ಪಂಪು ಮೇಲೆತ್ತಿದ ನೀರು ಮತ್ತೆ ಕೆಳಗಿನ ಡಬ್ಬಕ್ಕೆ ಇಳಿಯಲು ಒಂದರ ಬದಲು ಮೂರು ಪೈಪು ಜೋಡಿಸಿದೆ. ಮೊದಲನೆಯದರೊಳಗೆ ನೀರಿನ ಜೊತೆ ಗಾಳಿ ನುಗ್ಗದಂತೆ ಅದರ ನಲ್ಲಿ ಬಿಗಿ ಮಾಡಿದ್ದೇ ತಡ, ಸದ್ದು ಅಡಗಿತು.

"ಅದು ಕಟ್ಕೊಂಡ್ರೆ?" ಮಗಳು ಕೇಳಿದಳು.

"ಎರಡನೇದು ಇದ್ಯಲ್ಲ."

"ಅದೂ ಕಟ್ಕೊಂಡ್ರೆ?"

"ಮೂರನೇದು ಯಾಕಿದೆ ಮತ್ತೆ? ನಿಮ್ಮಪ್ಪ ಇರೋ ಮನೇಲಿ ನೀರು ತುಂಬಿ ಚೆಲ್ಲೋ ಮಾತೇ ಇಲ್ಲ, ಪುಟ್ಟಿ."

ಮೊದಲೆರಡು ಪೈಪಿಗೂ ಬಟ್ಟೆ ತುರುಕಿ ತೋರಿಸಿದೆ. ನೆಲಕ್ಕೆ ಹನಿ ಬೀಳಲಿಲ್ಲ. ಬಟ್ಟೆ ತೆಗೆದ ಮೇಲೆ ಮನೆಯೆಲ್ಲ ಎಷ್ಟು ನಿಶ್ಶಬ್ದವಾಯಿತೆಂದರೆ, ಹೆಂಡತಿ ನಾನು ಕೇಳದೆಯೇ ಎರಡನೇ ಲೋಟ ಕಾಫಿ ತಂದುಕೊಟ್ಟಳು.

"ಅಪ್ಪಾ, ಎಲ್ಲೋ ನೀರು ಬೀಳ್ತಿದೆ," ಎಂದಳು ಮಗಳು.

ತೊಟ್ಟಿಗೆ ಕಿವಿಯಿಟ್ಟು ಕೇಳಿದೆ. "ನಮ್ದಲ್ಲ ಬಿಡು," ಎಂದೆ, ಎದೆಯುಬ್ಬಿಸಿ.

ಅಷ್ಟರಲ್ಲಿ ಪಕ್ಕದ ಮನೆಯ ಸುಂದರಮ್ಮನವರು ನೀರು ಸೋರುತ್ತಿದ್ದ ಸಂಡಿಗೆಯ ಮೊರ ಹಿಡಿದು ಬಾಗಿಲಿಗೆ ಬಂದರು: "ನಿಮ್ಮ ತಾರಸಿ ಟ್ಯಾಂಕ್ ತುಂಬಿ ಗಂಟೆಯಾಯ್ತು, ಒಣಗಿಸಿದ ಸಂಡಿಗೆಯೆಲ್ಲಾ ಮತ್ತೆ ಹಿಟ್ಟಾಯ್ತು, ಮೊದ್ಲು ಆ ಮೋಟರ್ ಆಫ್ ಮಾಡಪ್ಪಾ!"